ಸರ್ವರಕ್ಕ ಬರೆಯದೆ ಬಿಟ್ಟ ಐದನೆಯ ಫೀಚರ್

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಜನ ಕೂತು ಕೆಲಸ ಮಾಡುವ ಕೋಣೆಗಳು ಎರಡೇ. ಒಂದು ಬಟ್ಟೆ ಒಗೆಯುವವರದು, ಇನ್ನೊಂದು ನಮ್ಮದು. ನಮ್ಮದು ಅಂದರೆ ನನ್ನದು ಮತ್ತು ಸರ್ವರಕ್ಕನದು. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ, ಗೋಡೆಯೊಳಗೆ ಸತ್ತು ಬಿದ್ದ ಕೇಬಲ್ಲು, ಕೀಬೋರ್ಡಿನ ಮೇಲೆ ಚೆಲ್ಲಿದ ಚಹಾ, ಇವೆಲ್ಲ ನನ್ನ ಪಾಲು. ಗಾಜಿನ ಬಾಗಿಲಿನ ಆಚೆ ತಣ್ಣಗಿನ ಕೋಣೆಯಲ್ಲಿ ಸದಾ ಗುಂಯ್‌ಗುಡುವ ಹನ್ನೊಂದು ಸರ್ವರುಗಳು ಅಕ್ಕನ ಪಾಲು. ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಅವರನ್ನು ಕರೆಯುವುದು ಸರ್ವರಕ್ಕ ಎಂದೇ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ ಎನ್ನುವುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಅವರ ಬಗ್ಗೆ ಬರೆಯಲು ನೀನು ಯಾರು ಅಂತ ಕೇಳಬೇಡಿ. ಒಂಬತ್ತು ವರ್ಷ ಒಂದೇ ಟ್ಯೂಬ್‌ಲೈಟಿನ ಕೆಳಗೆ ಕೂತಿದ್ದೇನೆ, ಅಷ್ಟು ಸಾಕು. ಅಕ್ಕ ಐವತ್ತು ದಾಟಿದ ಹೆಂಗಸು. ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುವುದಿಲ್ಲ, ಸರ್ವರುಗಳ ಚಳಿ ಮೂಳೆಗಿಳಿದಿದೆ ಎನ್ನುತ್ತಾರೆ. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ. ಮಾತು ಬಹಳ ಕಡಿಮೆ. ಆದರೆ ಹೊಸ ಸರ್ವರ್ ಆಪರೇಟಿಂಗ್ ಸಿಸ್ಟಮ್ ಬಿಡುಗಡೆಯಾದ ವಾರ ಮಾತ್ರ ಅವರನ್ನು ಹಿಡಿಯುವವರಿಲ್ಲ. ಮನೆಗೆ ಹೊಸ ಮಗು ಬಂದಾಗ ಮೂಗು ಯಾರದು, ಹಣೆ ಯಾರದು ಅಂತ ಹೇಳಿಕೊಂಡು ತಿರುಗುತ್ತಾರಲ್ಲ, ಹಾಗೆ ಇವರು ಹೊಸ ಆವೃತ್ತಿಯಲ್ಲಿ ಏನೇನು ಬಂದಿದೆ ಅಂತ ಹೇಳಿಕೊಂಡು ತಿರುಗುತ್ತಾರೆ. ಕೇಳುವವನು ನಾನೊಬ್ಬನೇ ಆದ್ದರಿಂದ ನನ್ನ ಮೇಜಿನ ಸುತ್ತಲೇ ತಿರುಗುತ್ತಾರೆ.

"ಇನ್ಮೇಲೆ ರೀಸ್ಟಾರ್ಟ್ ಮಾಡ್ದೇನೇ ಪ್ಯಾಚ್ ಹಾಕಬಹುದು ಕಣೋ," ಎಂದರು ಈ ಸಲ. "ಓಡ್ತಿರೋ ಯಂತ್ರ ಓಡ್ತಾನೇ ಇರುತ್ತೆ. ಒಳಗಿನ ಹುಳುಕು ಮಾತ್ರ ಸರಿಹೋಗುತ್ತೆ."

"ನನ್ನ ಮಂಡಿಗೂ ಅಂಥದ್ದೇನಾದ್ರೂ ಬಂದಿದ್ರೆ ಹೇಳಿ ಅಕ್ಕ."

"ಸುಮ್ನಿರೋ. ದೊಡ್ಡ ಫೈಲು ಕಾಪಿ ಮಾಡೋಕೆ ಮುಂಚೆ ಅರ್ಧ ಗಂಟೆ ಕಾಯ್ಬೇಕಿತ್ತು. ಈಗ ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ."

ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಆದರೂ ಹೂಂಗುಟ್ಟುತ್ತಿದ್ದೆ, ಏಕೆಂದರೆ ವರ್ಷವಿಡೀ ಬಾಡಿಕೊಂಡಿರುವ ಮುಖ ಆ ವಾರ ಸ್ವಲ್ಪ ಅರಳುತ್ತಿತ್ತು.

ಹೊಸ ಆವೃತ್ತಿಗೆ ಬದಲಾಗಬೇಕೆಂದರೆ ಮೇಲಿನ ಸಮಿತಿ ಒಪ್ಪಬೇಕು. ಅದಕ್ಕೆ ಆಡಳಿತಾಧಿಕಾರಿಗಳು ಒಂದು ಫಾರಂ ಕಳಿಸಿದರು: "ಈ ಆವೃತ್ತಿಯಲ್ಲಿ ನಿಮಗೆ ಇಷ್ಟವಾದ ಐದು ಹೊಸ ಫೀಚರುಗಳು." ಕೆಳಗೆ ಐದು ಚೌಕ. ಅಕ್ಕ ನಾಲ್ಕು ಚೌಕವನ್ನು ಒಂದೇ ಉಸಿರಿಗೆ ತುಂಬಿದರು. ಐದನೆಯದರ ಮುಂದೆ ಎರಡು ದಿನ ಕೂತರು. ಒಮ್ಮೆ ಬರೆದರು, ಅಳಿಸಿದರು. ಬೇರೆಯವರ ಪರದೆಯೊಳಗೆ ಮೂಗು ತೂರಿಸುವ ಚಾಳಿ ನನಗೆ ಮೊದಲಿಂದಲೂ ಇದೆ, ಅಳಿಸುವ ಮೊದಲೇ ಓದಿಬಿಟ್ಟಿದ್ದೆ. "ಹಳೆಯ ಸರ್ವಿಸ್ ಖಾತೆಗಳನ್ನು ತೆಗೆದು ಯಂತ್ರವೇ ನೋಡಿಕೊಳ್ಳುವ ಖಾತೆಗಳನ್ನು ಇಡುವ ಸೌಲಭ್ಯ." ಕೊನೆಗೆ ಫಾರಂ ನಾಲ್ಕೇ ಚೌಕ ತುಂಬಿಕೊಂಡು ಮೇಲೆ ಹೋಯಿತು.

ಸಮಿತಿಗೆ ಕಳಿಸುವ ಮುಂಚೆ ಆಡಳಿತಾಧಿಕಾರಿಗಳು ನಡೆಸಿದ ಸಭೆಗೆ ನನ್ನನ್ನೂ ಕರೆದಿದ್ದರು, ಪ್ರೊಜೆಕ್ಟರ್ ಕೈ ಕೊಟ್ಟರೆ ಇರಲಿ ಎಂದು. ಆಡಳಿತಾಧಿಕಾರಿಗಳು ಕನ್ನಡಕ ಏರಿಸಿ, "ಐದನೇದು ಖಾಲಿ ಇದೆಯಲ್ಲಮ್ಮ, ಸಮಿತಿಯವರು ಇಂಥದ್ದನ್ನೇ ಹಿಡ್ಕೋತಾರೆ," ಎಂದರು. ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಂಡರು. ಪಾಪ, ಮರೆತಿದ್ದಾರೆ, ನೆರವಾಗೋಣ ಎಂದುಕೊಂಡು ನಾನೇ ಬಾಯಿ ಹಾಕಿದೆ. "ಸರ್ವಿಸ್ ಖಾತೆ ಬದಲಿಸೋದು ಒಂದಿದೆಯಂತೆ ಸಾರ್." ಅಕ್ಕ ನನ್ನತ್ತ ತಿರುಗಿ ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ಕೋಪವೂ ಆಗಿರಲಿಲ್ಲ.

ಆಡಳಿತಾಧಿಕಾರಿಗಳು ಅದೇನೆಂದು ಕೇಳಿದರು, ಅಕ್ಕ ಹೇಳಲೇಬೇಕಾಯಿತು. ಪ್ರತಿದಿನ ಬೆಳಗಿನ ಜಾವ ಹಿಂದಿನ ದಿನದ ಎಕ್ಸ್‌ರೇಗಳೆಲ್ಲ ತಾವಾಗಿಯೇ ಇನ್ನೊಂದು ಸರ್ವರಿಗೆ ನಕಲಾಗುತ್ತವೆ. ಮನುಷ್ಯ ಇಲ್ಲದಿದ್ದರೂ ಆ ಕೆಲಸಕ್ಕೆ ಒಂದು ಹೆಸರು, ಒಂದು ಪಾಸ್‌ವರ್ಡ್ ಬೇಕು, ಇಲ್ಲದಿದ್ದರೆ ಸರ್ವರು ಒಳಗೆ ಬಿಡುವುದಿಲ್ಲ. ಅದಕ್ಕೆಂದೇ ಬೇರೆ ಹೆಸರು ಸೃಷ್ಟಿಸಬೇಕು. ಅವಸರದಲ್ಲಿದ್ದವರು ತಮ್ಮ ಹೆಸರನ್ನೇ ಕೊಟ್ಟುಬಿಡುತ್ತಾರೆ. ಮನುಷ್ಯ ಕೆಲಸ ಬಿಟ್ಟು ಹೋಗುತ್ತಾನೆ, ಹೆಸರು ದುಡಿಯುತ್ತಲೇ ಇರುತ್ತದೆ. ಆ ಹೆಸರನ್ನು ಮುಚ್ಚಿದರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ಯಾರೂ ಮುಟ್ಟುವುದಿಲ್ಲ. ಹೊಸ ಆವೃತ್ತಿಯಲ್ಲಿ ಅದಕ್ಕೊಂದು ದಾರಿ ಇದೆ. ಹಳೆಯ ಹೆಸರು ಎಲ್ಲೆಲ್ಲಿ ಬಳಕೆಯಾಗುತ್ತಿದೆ ಎಂದು ಅದು ಕೆಲವು ವಾರ ನೋಡಿ ಪಟ್ಟಿ ಮಾಡುತ್ತದೆ. ಆಮೇಲೆ ಯಾವ ಮನುಷ್ಯನಿಗೂ ತಿಳಿಯದ ಪಾಸ್‌ವರ್ಡ್ ಇರುವ ಹೊಸ ಖಾತೆಯನ್ನು ಆ ಜಾಗದಲ್ಲಿ ಕೂರಿಸಿ, ಹಳೆಯದನ್ನು ಮುಚ್ಚುತ್ತದೆ.

"ನಮ್ಮಲ್ಲಿ ಯಾರ ಹೆಸರಲ್ಲಿ ನಡೀತಿದೆ?" ಎಂದು ಕೇಳಿದರು ಆಡಳಿತಾಧಿಕಾರಿಗಳು.

"ನಮ್ಮಣ್ಣನ ಹೆಸರಲ್ಲಿ," ಎಂದರು ಅಕ್ಕ.

ನಾನು ನಾಲಿಗೆ ಕಚ್ಚಿಕೊಂಡೆ. ಆಡಳಿತಾಧಿಕಾರಿಗಳು ಈಗ ಎರಡು ವರ್ಷದಿಂದ ಇರುವವರು, ಅವರಿಗೆ ಕಥೆ ಗೊತ್ತಿರಲಿಲ್ಲ. "ಹಾಗಾದ್ರೆ ಇದೇ ಮೊದಲು ಆಗ್ಲಿ," ಎಂದು ಐದನೆಯ ಚೌಕವನ್ನು ತಮ್ಮ ಕೈಯಾರೆ ತುಂಬಿದರು.

ಆ ಅಣ್ಣನ ಕೈಕೆಳಗೆ ನಾನೂ ಮೂರು ವರ್ಷ ದುಡಿದಿದ್ದೇನೆ. ಅಕ್ಕನಿಗಿಂತ ಏಳು ವರ್ಷ ದೊಡ್ಡವರು. ನೆಲಮಾಳಿಗೆಯಲ್ಲಿ ಮುರಿದ ಮಂಚಗಳನ್ನು ಒಟ್ಟುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಸರ್ವರುಗಳನ್ನು ಒಂದೊಂದಾಗಿ ತಂದು ಕೂರಿಸಿದವರು ಅವರೇ. ಟೈಪಿಂಗ್ ಮಾತ್ರ ಬರುತ್ತಿದ್ದ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದವರೂ ಅವರೇ. ಬಾಯಿ ಜೋರು, ಕೈ ಇನ್ನೂ ಜೋರು, ತಾಳ್ಮೆ ಎಳ್ಳಷ್ಟೂ ಇಲ್ಲ. ನನ್ನನ್ನು ಬಯ್ಯದ ದಿನವಿಲ್ಲ. ಅವರದೊಂದು ಕಟ್ಟಪ್ಪಣೆ ಇತ್ತು. ಕೋಣೆಯಲ್ಲಿ ಆದದ್ದನ್ನೆಲ್ಲ ದಿನವೂ ಒಂದು ಫೈಲಿನಲ್ಲಿ ಬರೆಯಬೇಕು, ಏನೂ ಆಗದಿದ್ದರೆ ಏನೂ ಆಗಲಿಲ್ಲ ಎಂದಾದರೂ ಬರೆಯಬೇಕು. ಅದನ್ನು ದಿನಚರಿ ಎನ್ನುತ್ತಿದ್ದೆವು.

ಆರು ವರ್ಷದ ಹಿಂದೆ ಒಂದು ಸರ್ವರಿನ ಡಿಸ್ಕುಗಳು ಕೈಕೊಟ್ಟವು. ನಕಲು ಇದೆಯಲ್ಲ ಎಂದು ತೆಗೆದು ನೋಡಿದರೆ ನಕಲೂ ಕೆಟ್ಟಿತ್ತು. ಹನ್ನೊಂದು ದಿನದ ಎಕ್ಸ್‌ರೇಗಳು ಹೋದವು, ಜನ ಬಂದು ಮತ್ತೆ ತೆಗೆಸಿಕೊಳ್ಳಬೇಕಾಯಿತು. ವಿಚಾರಣೆ ನಡೆಯಿತು. ನಕಲು ಸರಿಯಾಗಿದೆಯೇ ಅಂತ ತಿಂಗಳಿಗೊಮ್ಮೆ ಪರೀಕ್ಷಿಸಬೇಕಾದವರು ಯಾರು ಎಂದು ಸಮಿತಿ ಕೇಳಿದಾಗ ಅಣ್ಣ ಗೋಡೆ ನೋಡುತ್ತಿದ್ದರು. ಅಕ್ಕ ಹೇಳಿದರು: "ಅಣ್ಣ. ಮೂರು ತಿಂಗಳಿಂದ ಮಾಡಿರ್ಲಿಲ್ಲ." ಅದು ನಿಜ. ಅಣ್ಣನ ಕೆಲಸವನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಒಂದು ಎಚ್ಚರಿಕೆ ಪತ್ರ ಕೊಡುವುದರಲ್ಲಿದ್ದರು. ಅಷ್ಟರಲ್ಲಿ ಅವರೇ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ತಂಗಿಯ ಜೊತೆ ಒಂದು ಮಾತಿಲ್ಲ. ವಾರ ಕಳೆಯುವುದರಲ್ಲಿ ಊರನ್ನೇ ಬಿಟ್ಟರು, ಫೋನ್ ನಂಬರು ಸತ್ತಿತು. ಎರಡು ವರ್ಷದ ಮೇಲೆ ಅವರಮ್ಮ ತೀರಿಕೊಂಡಾಗ ತಿಳಿಸೋಣವೆಂದರೆ ಒಂದು ವಿಳಾಸವಿರಲಿಲ್ಲ. ಅಕ್ಕ ಗೊತ್ತಿದ್ದವರನ್ನೆಲ್ಲ ಕೇಳಿದರು, ಗೊತ್ತಿಲ್ಲದವರನ್ನೂ ಕೇಳಿದರು.

ಸಭೆ ಮುಗಿಸಿ ಕೆಳಗೆ ಬಂದ ಮೇಲೆ ನಾನು ಅಪರಾಧಿಯ ಹಾಗೆ ನಿಂತೆ. ಅಕ್ಕ ಬಯ್ಯಲಿಲ್ಲ. ತಮ್ಮ ಪರದೆ ತಿರುಗಿಸಿ ತೋರಿಸಿದರು. ಹೆಸರುಗಳ ಉದ್ದ ಪಟ್ಟಿ, ಒಂದೊಂದರ ಮುಂದೆ ಕೊನೆಯ ಲಾಗಿನ್ ಆದ ಹೊತ್ತು. ಅಣ್ಣನ ಹೆಸರಿನ ಮುಂದೆ ಅವತ್ತಿನದೇ ತಾರೀಖು, ನಾಲ್ಕು ಗಂಟೆ ಹತ್ತು ನಿಮಿಷ.

"ದಿನಾ ಬೆಳಿಗ್ಗೆ ಬಂದ ತಕ್ಷಣ ಇದನ್ನ ನೋಡ್ತೀನಿ," ಎಂದರು. "ಇವತ್ತೂ ಅಣ್ಣ ಬಂದಿದ್ದಾನೆ ಅಂದ್ಕೋತೀನಿ. ಯಂತ್ರ ಅಂತ ಗೊತ್ತು. ಆದ್ರೂ ಹೆಸರು ಅವನದೇ ಅಲ್ವಾ. ಇದನ್ನೂ ಮುಚ್ಚಿದ್ರೆ ಈ ಕಟ್ಟಡದಲ್ಲಿ ಅವನದು ಅಂತ ಏನೂ ಉಳಿಯಲ್ಲ ಕಣೋ."

ನನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನ್ನಿಸಿತು.

ಸಮಿತಿ ಒಪ್ಪಿತು. ಅಕ್ಕ ಎರಡು ಸರ್ವರುಗಳಿಗೆ ಹೊಸ ಆವೃತ್ತಿ ಹಾಕಿ, ಒಲ್ಲದ ಮನಸ್ಸಿನಿಂದ ಖಾತೆ ಬದಲಿಸುವ ಕೆಲಸ ಶುರು ಮಾಡಿದರು. ನಾಲ್ಕು ವಾರ ಅದು ಸುಮ್ಮನೆ ನೋಡುತ್ತ ಕೂತಿತು. ಅಕ್ಕನ ಲೆಕ್ಕದಲ್ಲಿ ಅಣ್ಣನ ಹೆಸರು ಬಳಕೆಯಾಗುತ್ತಿದ್ದದ್ದು ನಾಲ್ಕು ಯಂತ್ರಗಳಲ್ಲಿ. ನಾಲ್ಕನೆಯ ವಾರದ ಕೊನೆಗೆ ಪಟ್ಟಿ ತೆಗೆದರೆ ಐದು ಯಂತ್ರಗಳಿದ್ದವು.

ಐದನೆಯದು ಹೊರಬಾಗಿಲು. ಡಾಕ್ಟರುಗಳು ಮನೆಯಿಂದಲೇ ಎಕ್ಸ್‌ರೇ ನೋಡಲು ಒಳಗೆ ಬರುವ ಸರ್ವರಿಗೆ ನಾವು ಇಟ್ಟ ಹೆಸರು ಅದು. ಅಲ್ಲಿ ಬೆಳಗಿನ ಜಾವದ ಯಾವ ಕೆಲಸವೂ ನಡೆಯುವುದಿಲ್ಲ. ಅಲ್ಲಿ ಆ ಹೆಸರು ಕಾಣಿಸಿಕೊಂಡಿದೆ ಎಂದರೆ ಯಾರೋ ಮನುಷ್ಯರೇ ಕೂತು ಬೆರಳಲ್ಲಿ ಹೊಡೆದಿದ್ದಾರೆ.

"ಕಳ್ಳ ಅಕ್ಕ," ಎಂದೆ. "ಯಾರೋ ಕದ್ದು ನುಗ್ಗಿದ್ದಾರೆ."

"ಪಾಸ್‌ವರ್ಡು ಇಪ್ಪತ್ತೆರಡು ಅಕ್ಷರ," ಎಂದರು ಅಕ್ಕ. "ಒಂದು ಸಲಾನೂ ತಪ್ಪಿಲ್ಲ. ನನಗೇ ಗೊತ್ತಿಲ್ಲ ಅದು. ಅವನೊಬ್ಬನಿಗೇ ಗೊತ್ತು."

ಹೊರಬಾಗಿಲಿನ ದಾಖಲೆ ಒಂದು ತಿಂಗಳಿನಷ್ಟು ಮಾತ್ರ ಉಳಿಯುತ್ತದೆ, ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಆ ತಿಂಗಳಲ್ಲಿ ಅಣ್ಣ ಮೂರು ಸಲ ಬಂದಿದ್ದರು. ಮೂರು ಸಲವೂ ಬೆಳಿಗ್ಗೆ ಆರೂವರೆಯಿಂದ ಏಳರ ನಡುವೆ. ಮೂರು ಸಲವೂ ತೆರೆದದ್ದು ಒಂದೇ ಫೈಲು. ರೋಗಿಗಳ ಒಂದು ಹಾಳೆಯನ್ನೂ ಮುಟ್ಟಿರಲಿಲ್ಲ. ತೆರೆದದ್ದು ದಿನಚರಿಯನ್ನು. ಓದಿ, ಒಂದು ಅಕ್ಷರ ಸೇರಿಸದೆ ಮುಚ್ಚಿ ಹೋಗಿದ್ದರು.

ಅಣ್ಣ ಹೋದ ಮೇಲೂ ಅಕ್ಕ ದಿನಚರಿ ಬರೆಯುವುದು ಬಿಟ್ಟಿರಲಿಲ್ಲ. ಓದುವವರು ಯಾರೂ ಇಲ್ಲವೆಂದು ಬರಬರುತ್ತ ಅದರಲ್ಲಿ ಮನೆಯ ಮಾತೂ ಸೇರಿಕೊಂಡಿತ್ತು. ನಾಲ್ಕನೇ ಸರ್ವರಿನ ಫ್ಯಾನ್ ಬದಲಿಸಿದೆ. ಅಮ್ಮನಿಗೆ ಜ್ವರ ಇಳಿದಿಲ್ಲ. ಎರಡು ದಿನ ರಜೆ, ಅಮ್ಮ ಹೋದಳು. ಮನೆ ಬಹಳ ದೊಡ್ಡದಾಗಿ ಕಾಣುತ್ತದೆ.

"ಹಾಗಾದ್ರೆ ಅವನಿಗೆ ಗೊತ್ತು," ಎಂದರು ಅಕ್ಕ. "ಅಮ್ಮ ಹೋಗಿದ್ದು ಗೊತ್ತು." ಆಮೇಲೆ ಸ್ವೆಟರಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಒಂಬತ್ತು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ತೋಚದೆ ಕೈಯಲ್ಲಿದ್ದ ಕೇಬಲ್ಲನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

ಅಳು ನಿಂತ ಮೇಲೆ ಅವರೇ ಹೇಳಿದರು. ಪರದೆಯ ಆ ಅಂಕಣ ಕೊನೆಯ ಲಾಗಿನ್ ಒಂದನ್ನೇ ತೋರಿಸುತ್ತದೆ. ಅಣ್ಣ ಬೆಳಿಗ್ಗೆ ಆರೂವರೆಗೆ ಬಂದು ಹೋಗಿದ್ದರೆ ಎಂಟು ಗಂಟೆಗೆ ಅಕ್ಕ ನೋಡುವಾಗ ಅದು ಕಾಣಬೇಕಿತ್ತು. ಆದರೆ ಅವರು ನೋಡುತ್ತಿದ್ದದ್ದು ಎಕ್ಸ್‌ರೇ ಸರ್ವರಿನ ಅಂಕಣ, ಅಲ್ಲಿ ನಾಲ್ಕು ಹತ್ತರ ಯಂತ್ರವೇ ಯಾವಾಗಲೂ ಕೊನೆಯದು. ಹೊರಬಾಗಿಲಿನದನ್ನು ಬೇರೆ ತೆರೆದು ನೋಡಬೇಕಿತ್ತು. ಅಲ್ಲಿ ಅಣ್ಣನ ಹೆಸರು ಯಾಕಿರುತ್ತದೆ ಎಂದು ಒಂದು ದಿನವೂ ತೆರೆದಿರಲಿಲ್ಲ.

"ಆರು ವರ್ಷ ಯಂತ್ರಾನೇ ಅಣ್ಣ ಅಂತ ನೋಡ್ಕೊಂಡು ಕೂತಿದ್ದೆ," ಎಂದರು. "ಪಕ್ಕದ ಬಾಗಿಲಲ್ಲಿ ಅವನೇ ಬಂದು ಹೋಗ್ತಿದ್ದ."

ನನಗೆ ತಕ್ಷಣ ಉಪಾಯ ಹೊಳೆಯಿತು. ದಿನಚರಿಯಲ್ಲೇ ಒಂದು ಸಾಲು ಬರೆಯಿರಿ, ಖಾತೆ ಮುಚ್ಚುವುದನ್ನು ಹದಿನೈದು ದಿನ ಮುಂದೂಡಿ, ಅಷ್ಟರಲ್ಲಿ ಅವರು ಬಂದು ಓದುತ್ತಾರೆ, ಮೇಲಿನವರಿಗೆ ಐದನೆಯ ಯಂತ್ರದ ಸುದ್ದಿಯೇ ಬೇಡ ಎಂದೆ. ಅಕ್ಕ ದಿನಚರಿ ತೆರೆದು ಬರೆದರು. ಏನು ಬರೆದರೆಂದು ಈ ಸಲ ನಾನು ಮೂಗು ತೂರಿಸಲಿಲ್ಲ. ಬರೆದಾದ ಮೇಲೆ ಎದ್ದು ಮೆಟ್ಟಿಲ ಕಡೆ ಹೊರಟರು.

"ಎಲ್ಲಿಗೆ?"

"ಮೇಲೆ. ಹೇಳ್ಬೇಕಲ್ಲ."

ನನಗೆ ಮೈ ಉರಿದುಹೋಯಿತು. "ಒಂದ್ಸಲ ನಿಜ ಹೇಳಿ ಅಣ್ಣನ್ನ ಕಳ್ಕೊಂಡ್ರಿ. ಇನ್ನೂ ಬುದ್ಧಿ ಬರ್ಲಿಲ್ವಾ ನಿಮಗೆ?" ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು.

ಅಕ್ಕ ಮೆಟ್ಟಿಲ ಮೇಲೆ ನಿಂತರು. "ಬೇರೆ ಯಾರಾದ್ರೂ ಹೀಗೆ ಬಂದಿದ್ರೆ ಓಡಿಹೋಗಿ ಹೇಳ್ತಿದ್ದೆ ತಾನೇ? ರೋಗಿಗಳ ಫೋಟೋ ಇರೋ ಜಾಗ ಇದು, ನಮ್ಮನೆ ಅಲ್ಲ. ಅಣ್ಣ ಅಂತ ಇವತ್ತು ಮುಚ್ಚಿಟ್ರೆ, ಅವತ್ತು ಹೇಳಿದ್ದಕ್ಕೆ ಏನರ್ಥ? ಆ ಒಂದು ಮಾತಿಗೆ ಆರು ವರ್ಷ ಕೊಟ್ಟಿದ್ದೀನಿ ಕಣೋ."

ಆಡಳಿತಾಧಿಕಾರಿಗಳು ಎಲ್ಲ ಕೇಳಿ, ರೋಗಿಗಳ ಫೈಲು ಮುಟ್ಟಿಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ಇವತ್ತೇ ಮುಚ್ಚಿ ಎಂದರಂತೆ. ಅಕ್ಕ ಒಂದು ವಾರ ಸಮಯ ಕೇಳಿದರಂತೆ. "ಗೊತ್ತಿದ್ದೂ ಒಂದು ವಾರ ಬಾಗಿಲು ತೆಗೆದಿಟ್ರಾ ಅಂತ ನಾಳೆ ಕೇಳಿದ್ರೆ ನಾನೇನಮ್ಮ ಹೇಳ್ಲಿ?" ಎಂದರಂತೆ. ಅದೂ ನ್ಯಾಯವೇ, ಹಾಳಾಗಲಿ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಅಕ್ಕ ಒಂದು ಸಾಲಿನ ಆಜ್ಞೆ ಹೊಡೆದರು. ಪಟ್ಟಿಯಲ್ಲಿ ಅಣ್ಣನ ಹೆಸರು ಬೂದು ಬಣ್ಣಕ್ಕೆ ತಿರುಗಿತು. ಮರುದಿನ ಬೆಳಗಿನ ಜಾವ ಹೊಸ ಖಾತೆಯಲ್ಲಿ ಎಕ್ಸ್‌ರೇಗಳೆಲ್ಲ ನಕಲಾದವು, ಒಂದೂ ತಪ್ಪಲಿಲ್ಲ. ಆ ಫೀಚರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತ್ತು, ಅದಕ್ಕೇ ನನಗೆ ಅದರ ಮೇಲೆ ಇನ್ನಷ್ಟು ಸಿಟ್ಟು.

ಎಂಟು ದಿನ ಏನೂ ಆಗಲಿಲ್ಲ. ಈಗ ಅಕ್ಕ ಬೆಳಿಗ್ಗೆ ಬಂದೊಡನೆ ನೋಡುತ್ತಿದ್ದದ್ದು ಹೊರಬಾಗಿಲನ್ನು. ಒಂಬತ್ತನೆಯ ದಿನ ನಾನು ಬರುವಷ್ಟರಲ್ಲಿ ಅವರು ಬ್ಯಾಗನ್ನೂ ಕೆಳಗಿಡದೆ ಪರದೆಯ ಮುಂದೆ ನಿಂತಿದ್ದರು. ಒಳಗೆ ಬಿಡದೆ ವಾಪಸು ಕಳಿಸಿದವರ ಪಟ್ಟಿಯಲ್ಲಿ ಅಣ್ಣನ ಹೆಸರಿತ್ತು. ಆರು ನಲವತ್ತಕ್ಕೆ ಒಂದು ಸಲ. ಆರು ನಲವತ್ತೊಂದಕ್ಕೆ ಇನ್ನೊಂದು ಸಲ. ಆರು ಐವತ್ತೆಂಟಕ್ಕೆ ಮತ್ತೊಂದು ಸಲ.

"ನಾನು ಬರೆದಿದ್ದನ್ನ ಓದಲೇ ಇಲ್ಲ," ಎಂದರು ಅಕ್ಕ. "ಅದು ಒಳಗಡೆ ಇದೆ."

ನಾನು ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ.

"ಮಧ್ಯ ಹದಿನೇಳು ನಿಮಿಷ ಏನ್ ಮಾಡ್ತಿದ್ದ ಅಂತೀಯ?"

"ಚಹಾ ಕುಡೀತಿದ್ರೇನೋ ಅಕ್ಕ."

"ನಾನೇ ಮುಚ್ಚಿದೆ ಅಂದ್ಕೋತಾನೆ."

ಮುಚ್ಚಿದ್ದು ಅವರೇ, ಇಲ್ಲ ಅನ್ನುವ ಹಾಗಿರಲಿಲ್ಲ. ಖಾತೆ ಮುಚ್ಚಿದ್ದರೆ ಬಂದವರಿಗೆ ಪರದೆಯ ಮೇಲೆ ಏನು ಕಾಣುತ್ತದೆ ಎಂದು ಕೇಳಿದೆ. ಅಕ್ಕ ಬಾಯಿಪಾಠ ಒಪ್ಪಿಸಿದರು. "ನಿಮ್ಮ ಖಾತೆಯನ್ನು ನಿಲ್ಲಿಸಲಾಗಿದೆ. ದಯವಿಟ್ಟು ನಿಮ್ಮ ಸಿಸ್ಟಮ್ ನಿರ್ವಾಹಕರನ್ನು ಸಂಪರ್ಕಿಸಿ." ಹೇಳಿ ಮುಗಿಸಿ ನನ್ನ ಮುಖ ನೋಡಿದರು. ಈ ಆಸ್ಪತ್ರೆಯಲ್ಲಿ ಸಿಸ್ಟಮ್ ನಿರ್ವಾಹಕರು ಅಂತ ಇರುವುದು ಒಬ್ಬರೇ.

ಆಗ ಕೂತರು. ಹೊರಬಾಗಿಲಿನ ಪರದೆಯಲ್ಲಿ ಲಾಗಿನ್ ಆಗುವ ಮುಂಚೆಯೇ ಎಲ್ಲರಿಗೂ ಕಾಣುವ ಸೂಚನೆಯನ್ನು ತೆರೆದು, ಕೆಳಗೆ ಒಂದು ಸಾಲು ಸೇರಿಸಿದರು. "ಒಳಗೆ ಬರಲಾಗದಿದ್ದರೆ ಈ ನಂಬರಿಗೆ ಫೋನ್ ಮಾಡಿ. ಎಷ್ಟು ಹೊತ್ತಾಗಿದ್ದರೂ ಸರಿ." ಅದರ ಮುಂದೆ ತಮ್ಮ ಸ್ವಂತ ಮೊಬೈಲ್ ನಂಬರು ಹಾಕಿದರು.

"ಅಕ್ಕ, ಅಣ್ಣನ ಹತ್ರ ಈ ನಂಬರ್ ಇಲ್ವಾ?"

"ಇದೆ. ಆರು ವರ್ಷದಿಂದ ನಾನು ಬದಲಿಸಿಲ್ಲ. ಆದ್ರೆ ಮಾಡು ಅಂತ ಅವನಿಗೆ ಯಾರೂ ಹೇಳಿಲ್ಲ."

ಇಡೀ ಆಸ್ಪತ್ರೆಯವರು ನಿಮ್ಮ ಪ್ರಾಣ ಹಿಂಡುತ್ತಾರೆ ಎಂದು ನಾನು ಎಚ್ಚರಿಸಿದೆ. ಹಾಗೇ ಆಯಿತು. ಈಗ ಎರಡು ತಿಂಗಳಾಯಿತು. ಪಾಸ್‌ವರ್ಡ್ ಮರೆತ ಡಾಕ್ಟರು, ಕನ್ನಡಕ ಮರೆತ ಡಾಕ್ಟರು, ಕಂಪ್ಯೂಟರಿಗೆ ಕರೆಂಟೇ ಹಾಕದ ಡಾಕ್ಟರು, ಎಲ್ಲರೂ ಅಕ್ಕನಿಗೇ ಮಾಡುತ್ತಾರೆ. ಅಕ್ಕ ಊಟಕ್ಕೆ ಕೂತಿದ್ದರೂ, ಏಣಿಯ ಮೇಲಿದ್ದರೂ, ಮೊದಲನೆಯ ರಿಂಗಿಗೇ ಎತ್ತುತ್ತಾರೆ. ಎತ್ತಿ ಮೊದಲು ಆ ಕಡೆಯ ಉಸಿರು ಕೇಳುತ್ತಾರೆ.

ಇವತ್ತು ಮಧ್ಯಾಹ್ನವೂ ಗೊತ್ತಿಲ್ಲದ ನಂಬರಿನಿಂದ ಒಂದು ಬಂತು. ನಾನು ಪ್ರಿಂಟರು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದೆ. ಅಕ್ಕ ಕಿವಿಗೆ ಹಿಡಿದರು, ಕಣ್ಣು ಮುಚ್ಚಿದರು.

"ಹೂಂ, ಹೇಳಿ ಡಾಕ್ಟ್ರೇ," ಎಂದರು ಆಮೇಲೆ. "ಪರವಾಗಿಲ್ಲ, ಎಲ್ಲರಿಗೂ ಮರೆತುಹೋಗುತ್ತೆ. ನಿಧಾನವಾಗಿ ಇನ್ನೊಂದ್ಸಲ ಹೊಡೀರಿ. ನಾನು ಲೈನಲ್ಲೇ ಇರ್ತೀನಿ."